ಸೌದೆ ರಾಶಿಯ ಲೆಕ್ಕ: ತ್ರಾಸಿ ಕಡೆಯ ಮಳೆಗಾಲ ಮತ್ತು ನೂರು ಗಜದ ಕಾಡು

ಒಂದು ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಮನೇಲಿ ಗ್ಯಾಸ್ ಖಾಲಿ ಆದ್ರೆ ಏನ್ ಮಾಡ್ತೀರಿ? ಮೊಬೈಲ್ ತೆಗೆದು ಬುಕ್ ಮಾಡ್ತೀರಿ, ಎರಡು ಮೂರು ದಿನದಲ್ಲಿ ಸಿಲಿಂಡರ್ ಬಾಗಿಲಿಗೆ ಬರುತ್ತೆ. ಈಗ ಹೀಗೆ ಯೋಚನೆ ಮಾಡಿ. ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ಕೊನೆವರೆಗೆ ಬುಕಿಂಗೇ ಇಲ್ಲ. ಮೇ ಮುಗಿಯೋದ್ರೊಳಗೆ ಎಷ್ಟು ಸೇರಿಸಿಟ್ಟಿದ್ದೀರೋ ಅಷ್ಟರಲ್ಲೇ ನಾಲ್ಕು ತಿಂಗಳು ಅನ್ನ ಬೇಯಬೇಕು, ಸ್ನಾನದ ನೀರು ಕಾಯಬೇಕು, ಬಾಣಂತಿ ಇದ್ರೆ ಅವಳಿಗೆ ಎರಡು ಹಂಡೆ ಜಾಸ್ತಿ ಬೇಕು.

ನಮ್ಮ ಕರಾವಳಿಯ ಹೆಚ್ಚಿನ ಮನೆಗಳು ಬದುಕಿದ್ದೇ ಹೀಗೆ. ಇವತ್ತಿನ ಎಪಿಸೋಡ್ ಸೌದೆ ಬಗ್ಗೆ. ನಮ್ಮ ಕುಂದಾಪ್ರ ಕನ್ನಡದಲ್ಲಿ ಹೇಳೋದಾದ್ರೆ 'ಸೌದಿ'. ಅದನ್ನ ಕಡಿದು, ಸೀಳಿ, ಒಣಗಿಸಿ, ಒಳಗೆ ಹಾಕೋ ಕೆಲಸಕ್ಕೆ ಒಂದು ಇತಿಹಾಸ ಇದೆ. ಆ ಇತಿಹಾಸದಲ್ಲಿ ಕಾನೂನು ಇದೆ, ಜಾಗದ ಜಗಳ ಇದೆ, ಹೆಂಗಸರ ಬೆನ್ನು ನೋವು ಇದೆ. ನಾನು ಓದಿದ್ದು ಬಿ.ಕಾಂ. ಹಾಗಾಗಿ ಸ್ವಲ್ಪ ಲೆಕ್ಕಾನೂ ಇರುತ್ತೆ, ಬೇಜಾರ್ ಮಾಡ್ಕೋಬೇಡಿ.

ಕಾಡಿಲ್ಲದ ಊರಿನ ಸೌದೆ

ತ್ರಾಸಿ ಎಲ್ಲಿದೆ ಅಂತ ಬಹಳ ಜನಕ್ಕೆ ಗೊತ್ತು. ಕುಂದಾಪುರದಿಂದ ಬೈಂದೂರಿಗೆ ಹೋಗೋ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಮರವಂತೆಗೆ ಸ್ವಲ್ಪ ಮೊದಲು ಸಿಗೋ ಊರು. ಅಲ್ಲಿಂದ ಮುಂದಕ್ಕೆ ರಸ್ತೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ. ರೀಲ್ಸ್ ಮಾಡೋರಿಗೆ ಸ್ವರ್ಗ. ಆದ್ರೆ ಸೌದೆ ಕಣ್ಣಲ್ಲಿ ನೋಡಿದ್ರೆ ಇದು ಕಷ್ಟದ ಜಾಗ. ಹೊಯಿಗೆ ನೆಲ, ತೆಂಗಿನ ತೋಟ, ಗದ್ದೆ. ದೊಡ್ಡ ಕಾಡು ಅಂತ ಇರೋದು ಪೂರ್ವಕ್ಕೆ, ಕೊಲ್ಲೂರು, ಕೊಡಚಾದ್ರಿ ಕಡೆ.

ಹಾಗಾದ್ರೆ ಸೌದೆ ಎಲ್ಲಿಂದ? ಮೊದಲನೇದು ತೆಂಗು. ಒಣಗಿ ಬಿದ್ದ ಮಡಲು, ಕಾಯಿ ಸುಲಿದ ಸಿಪ್ಪೆ, ಗೆರಟೆ, ಒಣ ಹೊಂಬಾಳೆ, ಯಾವುದೂ ವೇಸ್ಟ್ ಇಲ್ಲ. ಬೆಂಕಿ ಹೊತ್ತಿಸೋಕೆ ಮಡಲಿನ ಒಣ ಗರಿ, ನೀರು ಕಾಯಿಸೋಕೆ ಸಿಪ್ಪೆ, ಇಸ್ತ್ರಿಪೆಟ್ಟಿಗೆಗೆ ಗೆರಟೆಯ ಇದ್ದಿಲು. ಎರಡನೇದು ಮನೆ ಹಿಂದಿನ ಗುಡ್ಡೆ, ಹಾಡಿ. ಗೇರು, ಮಾವು, ಹಲಸು, ಸಿಕ್ಕಿದ ಕುರುಚಲು. ಮೂರನೇದು ಹೊಳೆ. ಸೌಪರ್ಣಿಕಾ ಘಟ್ಟದಿಂದ ಇಳಿದು ಬರೋ ನದಿ. ದೊಡ್ಡ ಮಳೆ ಬಂದಾಗ ಅದರ ಜೊತೆ ಮರದ ದಿಮ್ಮಿ, ಕೊಂಬೆ ತೇಲಿ ಬರ್ತಿತ್ತು. ಈಜು ಬಲ್ಲ ಗಂಡಸರು ಜೀವ ಕೈಯಲ್ಲಿ ಹಿಡಿದು ಅದನ್ನ ದಡಕ್ಕೆ ಎಳೀತಿದ್ರು. ನಮ್ಮ ಕರಾವಳಿಯ ಹೊಳೆ ದಂಡೆಗಳಲ್ಲಿ ಇದು ಈಗಲೂ ಪೂರ್ತಿ ನಿಂತಿಲ್ಲ.

ನಾಲ್ಕನೇದು ಗಾಳಿಮರ. ಬೀಚ್ ಪಕ್ಕ ಸಾಲಾಗಿ ನಿಂತು ಸುಯ್ಯಂತ ಸದ್ದು ಮಾಡೋ ಮರ ಇದೆಯಲ್ಲ, ಅದೇ. ಅದು ನಮ್ಮ ಊರಿನದ್ದೇ ಅಂತ ಅನಿಸುತ್ತೆ. ಆದ್ರೆ ಅದರ ಮೂಲ ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾ ಕಡೆ. ನಮ್ಮ ಕರಾವಳಿಗೆ ಬ್ರಿಟಿಷರ ಕಾಲದಲ್ಲಿ, 1868ರಲ್ಲಿ ಕಾರವಾರದಲ್ಲಿ ಇದನ್ನ ನೆಟ್ಟರು ಅನ್ನೋ ದಾಖಲೆ ಇದೆ. ಉಪ್ಪು ಗಾಳಿ ತಡೆಯುತ್ತೆ, ಹೊಯಿಗೇಲಿ ಬೆಳೆಯುತ್ತೆ, ಬೇರಲ್ಲಿರೋ ಸೂಕ್ಷ್ಮಜೀವಿಗಳ ಸಹಾಯದಿಂದ ಗಾಳಿಯ ಸಾರಜನಕವನ್ನೇ ಗೊಬ್ಬರ ಮಾಡ್ಕೊಳ್ಳುತ್ತೆ. ಮರ ಗಟ್ಟಿ, ಶಾಖ ಜಾಸ್ತಿ. ಆ ಕಾಲದಲ್ಲಿ ಮದ್ರಾಸ್ ಕಡೆಯ ರೈಲು ಇಂಜಿನ್‌ಗಳಿಗೆ ಸೌದೆ ಬೇಕಿತ್ತು, ಅಲ್ಲೂ ಇದೇ ಮರದ ತೋಪು ಎಬ್ಬಿಸಿದರು. ಬೀಚಲ್ಲಿ ಫೋಟೋ ತೆಗೆಯುವಾಗ ಹಿಂದೆ ಕಾಣೋ ಮರ ಒಂದು ಕಾಲದ ಇಂಧನದ ಯೋಜನೆ ಅಂತ ನೆನಪಿಟ್ಕೊಳ್ಳಿ.

ನೂರು ಗಜದ ಕುಮ್ಮಕ್ಕು

ಈಗ ಕಾನೂನಿಗೆ ಬರೋಣ. ಹಾಡೀಲಿ ಸೌದೆ ಇದೆ, ಸರಿ. ತರೋ ಹಕ್ಕು ಯಾರಿಗೆ?

1799ರಲ್ಲಿ ಟಿಪ್ಪು ಸುಲ್ತಾನ್ ಸತ್ತ ಮೇಲೆ ನಮ್ಮ ಕರಾವಳಿ ಈಸ್ಟ್ ಇಂಡಿಯಾ ಕಂಪನಿ ಕೈಗೆ ಹೋಯ್ತು. ಕೆನರಾ ಅಂತ ಒಂದೇ ದೊಡ್ಡ ಜಿಲ್ಲೆ, ಮದ್ರಾಸ್ ಆಡಳಿತದ ಕೆಳಗೆ. 1860ರ ಹೊತ್ತಿಗೆ ಅದನ್ನ ಉತ್ತರ, ದಕ್ಷಿಣ ಅಂತ ಎರಡು ಮಾಡಿದರು. ಆಗ ಕುಂದಾಪುರ ತಾಲೂಕು ಸೇರಿದ್ದು ಉತ್ತರಕ್ಕೆ. 1862ರಲ್ಲಿ ಉತ್ತರ ಕೆನರಾವನ್ನ ಬಾಂಬೆ ಪ್ರಾಂತ್ಯಕ್ಕೆ ಕೊಟ್ಟಾಗ ಕುಂದಾಪುರವನ್ನ ಮಾತ್ರ ಬಿಡಿಸಿ ದಕ್ಷಿಣ ಕೆನರಾಕ್ಕೆ ಸೇರಿಸಿದರು. ಹಾಗಾಗಿ ನಾವು ಮದ್ರಾಸ್‌ನವರಾಗೇ ಉಳಿದ್ವಿ, ಶಿರೂರು ದಾಟಿ ಭಟ್ಕಳದವರು ಬಾಂಬೆಯವರಾದ್ರು. ಕಾಗದದ ಮೇಲೆ ಎಳೆದ ಈ ಗೆರೆ ಸೌದೆ ತರೋ ನಿಯಮವನ್ನೂ ಬೇರೆ ಮಾಡಿತು.

ದಕ್ಷಿಣ ಕೆನರಾದಲ್ಲಿ ಇದ್ದದ್ದು 'ಕುಮ್ಕಿ'. ಹಳೆಯ ವರ್ಗ ಜಾಗ, ಅಂದ್ರೆ 1866ಕ್ಕಿಂತ ಮೊದಲೇ ಸಾಗುವಳಿ ಆಗಿ ತೀರ್ವೆ ಕಟ್ಟುತ್ತಿದ್ದ ಜಾಗ ಯಾರ ಹೆಸರಲ್ಲಿತ್ತೋ ಅವರಿಗೆ ಒಂದು ಸೌಲಭ್ಯ. ಅವರ ಜಾಗದ ಗಡಿಯಿಂದ 100 ಗಜದವರೆಗಿನ ಸರ್ಕಾರಿ ಪಾಳು ಜಾಗದಲ್ಲಿ ಸೊಪ್ಪು, ಸೌದೆ, ಮನೆ ಬಳಕೆಗೆ ಮರ ತೆಗೆದುಕೊಳ್ಳಬಹುದು. 100 ಗಜ ಅಂದ್ರೆ ಸುಮಾರು 91 ಮೀಟರ್. ಗದ್ದೆಗೆ ಗೊಬ್ಬರ, ದನಕ್ಕೆ ಮೇವು, ಒಲೆಗೆ ಉರುವಲು ಇಲ್ಲದೆ ಬೇಸಾಯ ನಡೆಯಲ್ಲ, ಹಾಗಾಗಿ ಬೇಸಾಯಕ್ಕೆ ಸಹಾಯ ಅಂತ ಈ ಜಾಗ. ಪದದ ಮೂಲವೂ ಅದೇ. ಪಾರ್ಸಿಯ 'ಕುಮಕ್' ಅಂದ್ರೆ ಸಹಾಯ. ನಾವು ಪೇಪರಲ್ಲಿ ದಿನಾ ಓದೋ 'ಕುಮ್ಮಕ್ಕು' ಕೂಡ ಇದೇ ಪದದ ತಮ್ಮ.

ಗೆರೆಯ ಆಚೆ ಉತ್ತರ ಕನ್ನಡದಲ್ಲಿ ಇಂಥದ್ದೇ ಸೌಲಭ್ಯಕ್ಕೆ 'ಬೆಟ್ಟ', 'ಹಾಡಿ' ಅಂತ ಹೆಸರು. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರಲ್ಲಿ ಬಂತು. ಅದರ 79ನೇ ಸೆಕ್ಷನ್ ತೆಗೆದು ನೋಡಿ. ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ, ಉತ್ತರ ಕನ್ನಡದ ಬೆಟ್ಟ, ಹಾಡಿ, ಎಲ್ಲಾ ಸೌಲಭ್ಯಗಳೂ ಮುಂದುವರಿಯುತ್ತವೆ ಅಂತ ಅಲ್ಲಿದೆ. ಅಜ್ಜಿ ಹಾಡಿಯಿಂದ ಸೌದೆ ಹೊರೆ ತಂದದ್ದು ಒಂದು ಸೆಕ್ಷನ್ ನಂಬರಲ್ಲಿ ಇದೆ ಅಂದ್ರೆ ನಂಬ್ತೀರಾ?

ಆದ್ರೆ ಇಲ್ಲೊಂದು ವಿಷಯ ಗಮನಿಸಿ. ಸೌಲಭ್ಯ ಇದ್ದದ್ದು ವರ್ಗದಾರರಿಗೆ, ಅಂದ್ರೆ ಜಾಗದ ಒಡೆಯರಿಗೆ. ಗೇಣಿಗೆ ಗದ್ದೆ ಮಾಡುವವರಿಗೆ, ಕೂಲಿಯವರಿಗೆ, ಮೀನಿಗೆ ಹೋಗುವವರಿಗೆ ಸ್ವಂತ ವರ್ಗ ಜಾಗವೇ ಇರಲಿಲ್ಲ. ಅವರ ಒಲೆ ಉರಿಯೋಕೆ ಒಡೆಯರ ಮಾತು ಬೇಕು. ಸೌದೆ ಬೇಕಾದ್ರೆ ಅವರ ಮನೇಲಿ ಎರಡು ದಿನ ಕೆಲಸ ಮಾಡಿಕೊಡಬೇಕು, ಇಲ್ಲ ಕಣ್ತಪ್ಪಿಸಿ ತರಬೇಕು. 1882ರ ಮದ್ರಾಸ್ ಅರಣ್ಯ ಕಾಯ್ದೆ ಬಂದ ಮೇಲೆ ಮೀಸಲು ಅರಣ್ಯ ಅಂತ ಘೋಷಣೆ ಆದ ಕಡೆ ಕೊಡಲಿ ತಗೊಂಡು ಹೋಗೋದೂ ಅಪರಾಧ. ಅದಕ್ಕೂ ಮೊದಲೇ ಗುಡ್ಡೆಯಲ್ಲಿ ಕುಮರಿ ಬೇಸಾಯ ಮಾಡೋರಿಗೆ 1860ರಲ್ಲಿ ಮದ್ರಾಸ್ ಸರ್ಕಾರ ತಡೆ ಹಾಕಿತ್ತು. ಹಾಗಾಗಿ ಒಂದೇ ಹಾಡಿಯ ಒಂದೇ ಕೊಂಬೆ ಒಬ್ಬರಿಗೆ ಸೌಲಭ್ಯ, ಇನ್ನೊಬ್ಬರಿಗೆ ಕಳ್ಳತನ.

1974ರ ಮಾರ್ಚ್ 1ರಿಂದ ಭೂ ಸುಧಾರಣೆ ತಿದ್ದುಪಡಿ ಜಾರಿಗೆ ಬಂದು ಗೇಣಿದಾರರಿಗೆ ಜಾಗ ಸಿಕ್ಕಿತು. ನಮ್ಮ ಕರಾವಳಿಯಲ್ಲಿ ಅದು ದೊಡ್ಡ ಬದಲಾವಣೆ. ಕುಮ್ಕಿ ಪ್ರಶ್ನೆ ಮಾತ್ರ ಮುಗಿಯಲಿಲ್ಲ. ಇದು ಸೌಲಭ್ಯ ಅಷ್ಟೇ, ಮಾಲೀಕತ್ವ ಅಲ್ಲ ಅಂತ ಕಾನೂನು. ನಮಗೆ ಪೂರ್ತಿ ಹಕ್ಕು ಕೊಡಿ ಅಂತ ವರ್ಗದಾರರು. ಜಾಗ ಇಲ್ಲದವರಿಗೆ ಮನೆ ಕಟ್ಟೋಕೆ ಕೊಡಿ ಅಂತ ಇನ್ನೊಂದು ಕಡೆ. ಎಲೆಕ್ಷನ್ ಬಂದಾಗ 'ಕುಮ್ಕಿ ಹಕ್ಕು' ಅಂತ ಭಾಷಣ ಕೇಳ್ತೀರಲ್ಲ, ಅದರ ಬುಡದಲ್ಲಿ ಇರೋದು ಸೊಪ್ಪು ಮತ್ತು ಸೌದೆ.

ಕಡಿ, ಸೀಳು, ಒಣಗಿಸು, ಒಳಗೆ ಹಾಕು

ಈಗ ಕೆಲಸಕ್ಕೆ ಬರೋಣ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4,000 ಮಿಲಿಮೀಟರ್‌ಗೂ ಮೇಲೆ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಬಟ್ಟೆಯೇ ಮೂರು ದಿನ ಒಣಗಲ್ಲ, ಇನ್ನು ಮರ ಒಣಗೋದುಂಟಾ? ಹಾಗಾಗಿ ಗದ್ದೆ ಕೊಯ್ಲು ಮುಗಿದು ಕೈ ಬಿಡುವಾದ ಮೇಲೆ, ಜನವರಿ ಫೆಬ್ರವರಿಯಲ್ಲಿ ಕಡಿಯೋದು. ಮಾರ್ಚ್, ಏಪ್ರಿಲ್, ಮೇ ಬಿಸಿಲಿಗೆ ಒಣಗಿಸೋದು. ಹತ್ತನಾವಧಿ, ಅಂದ್ರೆ ಮೇ ಕೊನೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚೋ ಹೊತ್ತಿಗೆ ಸೌದೆ ಒಳಗೆ ಇರಬೇಕು. ಹಿರಿಯರು ಬೈಯೋದೂ ಆಗಲೇ: "ಹ್ವಾಯ್, ಮಳಿ ಬಪ್ಪುಕೆ ಮುಂಚೆ ಸೌದಿ ಒಳ್ಗ್ ಮಾಡ್ಕ್!"

ಯಾಕಿಷ್ಟು ಗಡಿಬಿಡಿ? ಆಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಚೆನ್ನಾಗಿ ಒಣಗಿದರೆ ಅದು ಶೇಕಡಾ 20ರ ಆಸುಪಾಸಿಗೆ ಇಳಿಯುತ್ತೆ. ಹಸಿ ಸೌದೆ ಒಲೆಗೆ ಹಾಕಿದ್ರೆ ಬೆಂಕಿ ಮೊದಲು ಆ ನೀರನ್ನ ಆವಿ ಮಾಡಬೇಕು, ಆಮೇಲೆ ನಿಮ್ಮ ಪಾತ್ರೆ. ಒಂದು ಕೆಜಿ ಹಸಿ ಸೌದೆಯಲ್ಲಿ ಸಿಗೋ ಶಾಖ ಒಣ ಸೌದೆಯ ಹತ್ತಿರ ಹತ್ತಿರ ಅರ್ಧ. ಅದೂ ಸರಿಯಾಗಿ ಉರಿಯದೆ ಹೊಗೆಯಾಗಿ ಹೋಗೋದು ಬೇರೆ.

ಸೀಳೋದಕ್ಕೂ ಕಾರಣ ಇದೆ. ತೊಗಟೆ ಇರೋದೇ ಮರದ ನೀರು ಹೊರಗೆ ಹೋಗದ ಹಾಗೆ ತಡೆಯೋಕೆ. ದುಂಡಗಿನ ತುಂಡು ಹಾಗೇ ಇಟ್ರೆ ಒಳಗೆ ಒದ್ದೆ ಉಳಿಯುತ್ತೆ, ಹುಳ ಹಿಡಿಯುತ್ತೆ. ಸೀಳಿದ್ರೆ ಒಳಮೈ ಗಾಳಿಗೆ ತೆರೆದುಕೊಳ್ಳುತ್ತೆ, ಬೇಗ ಒಣಗುತ್ತೆ. ಹುಣಸೆ ಆದ್ರೆ ಸೀಳೋಕೆ ಬೆವರು ಇಳಿಯುತ್ತೆ, ಆದ್ರೆ ಕೆಂಡ ಹೊತ್ತು ನಿಲ್ಲುತ್ತೆ. ಚೇರೆ ಮರ ಮಾತ್ರ ಮುಟ್ಟಬಾರದು, ಅದರ ಸೊನೆಯೂ ಹೊಗೆಯೂ ಮೈಯಲ್ಲಿ ಬೊಕ್ಕೆ ಎಬ್ಬಿಸುತ್ತೆ. ಇದನ್ನೆಲ್ಲಾ ಯಾರೂ ಪುಸ್ತಕದಲ್ಲಿ ಓದಿ ಕಲಿತದ್ದಲ್ಲ.

ಇಡೋ ಕ್ರಮ ನೋಡಿ. ನೇರ ನೆಲದ ಮೇಲೆ ಇಡೋ ಹಾಗಿಲ್ಲ, ಒರಲೆ ಹಿಡಿಯುತ್ತೆ. ಕೆಳಗೆ ಕೆಂಪು ಕಲ್ಲು ಇಟ್ಟು, ಅದರ ಮೇಲೆ ತೆಂಗಿನ ಅಥವಾ ಅಡಿಕೆಯ ಮರದ ತುಂಡು ಅಡ್ಡ ಹಾಕಿ, ಆಮೇಲೆ ಸೌದೆ ಪೇರಿಸೋದು. ಗೋಡೆಗೆ ಒತ್ತಿ ಇಡದೆ ಸ್ವಲ್ಪ ಸಂದು ಬಿಡೋದು, ಗಾಳಿ ಆಡಬೇಕಲ್ಲ. ಮೇಲೆ ಹೆಂಚಿನ ಅಥವಾ ಹುಲ್ಲಿನ ಮಾಡು. ಮಳೆ ಬಡಿಯೋ ಪಡುವಣ ದಿಕ್ಕಿಗೆ ಮಡಲು ಹೆಣೆದ ತಟ್ಟಿ. ಹಟ್ಟಿಯ ಪಕ್ಕವೋ ಬಚ್ಚಲಿನ ಪಕ್ಕವೋ ಇದಕ್ಕೆ ಅಂತಲೇ ಒಂದು ಕೊಟ್ಟಿಗೆ. ಜೊತೆಗೆ ಒಲೆಯ ಮೇಲೆ ಒಂದು ಅಟ್ಟ. ನಾಳೆ ಬೇಕಾದ ಸೌದೆ ಇವತ್ತೇ ಆ ಅಟ್ಟಕ್ಕೆ ಏರುತ್ತೆ, ಇವತ್ತಿನ ಒಲೆಯ ಬಿಸಿ ನಾಳೆಯ ಸೌದೆಯನ್ನ ಒಣಗಿಸುತ್ತೆ.

ಇನ್ನೊಂದು ನಿಯಮ: ಹೋದ ವರ್ಷದ್ದು ಮುಂದೆ, ಈ ವರ್ಷದ್ದು ಹಿಂದೆ. ಮೊದಲು ಬಂದದ್ದು ಮೊದಲು ಖರ್ಚು. ಕಾಲೇಜಲ್ಲಿ ನಮಗೆ ಇದನ್ನ 'ಫಿಫೊ' ಅಂತ ಒಂದು ಸೆಮಿಸ್ಟರ್ ಪೂರ್ತಿ ಕಲಿಸಿದ್ರು. ಸೌದೆ ಕೊಟ್ಟಿಗೆ ಇದ್ದ ಮನೇಲಿ ಹುಟ್ಟಿದವರಿಗೆ ಆ ಪಾಠ ಬೇಡವೇ ಬೇಡ.

ಈ ರಾಶಿಯಲ್ಲಿ ಒಂದು ಪಾಲು ಅಡುಗೆಗೂ ಅಲ್ಲ, ಸ್ನಾನಕ್ಕೂ ಅಲ್ಲ. ಆಸಾಡಿಯ ಜಡಿಮಳೆಯಲ್ಲಿ ಮನೇಲಿ ಯಾರಾದ್ರೂ ತೀರಿಹೋದ್ರೆ ಚಿತೆಗೆ ಒಣ ಸೌದೆ ಬೇಕು. ಮಾವಿನ ಮರ ಕಡಿದ್ರೂ ಅದು ಹಸಿ. ಅಂಥ ದಿನ ಅಕ್ಕಪಕ್ಕದ ಮನೆಗಳ ಕೊಟ್ಟಿಗೆ ಬಾಗಿಲು ಕೇಳದೇ ತೆರೆಯುತ್ತಿತ್ತು. ಹಳ್ಳಿಯಲ್ಲಿ ಜಗಳ ಆಡಿ ಮಾತು ಬಿಟ್ಟವರೂ ಆ ದಿನ ಸೌದೆ ತಂದು ಹಾಕೋರು.

ಒಂದು ಟನ್, ನಲವತ್ತು ಹೊರೆ

ಈಗ ಲೆಕ್ಕ. ಕುಚ್ಚಲಕ್ಕಿ ಊಟ ಮಾಡೋ ನಮ್ಮ ಕಡೆ ಸೌದೆ ಖರ್ಚು ಎರಡು ಸಲ. ಮೊದಲು ಭತ್ತ ಬೇಯಿಸಬೇಕು, ಆಮೇಲೆ ಆ ದಪ್ಪ ಅಕ್ಕಿಯನ್ನ ಗಂಜಿ ಮಾಡೋಕೆ ಬೆಳ್ತಿಗೆಗಿಂತ ಜಾಸ್ತಿ ಹೊತ್ತು ಒಲೆ ಉರಿಯಬೇಕು. ಅಡುಗೆ, ಬಚ್ಚಲು ಸೇರಿ ಒಂದು ಮನೆಗೆ ದಿನಕ್ಕೆ 8 ಕೆಜಿ ಅಂತ ಇಟ್ಕೊಳ್ಳಿ. ಮಳೆಗಾಲದ 120 ದಿನಕ್ಕೆ 960 ಕೆಜಿ, ಹೆಚ್ಚುಕಡಿಮೆ 1 ಟನ್. ತಲೆ ಮೇಲೆ ಒಂದು ಸಲ 24 ಕೆಜಿ ಹೊತ್ತರೆ 40 ಹೊರೆ. ಪ್ರತಿ ಹೊರೆಗೂ ಹೋಗೋದು, ಒಟ್ಟು ಮಾಡೋದು, ಕಟ್ಟೋದು, ಬರೋದು. ಹೊತ್ತವರು ಯಾರು? ದೊಡ್ಡ ಮರ ಕಡಿದು ಸೀಳೋದು ಗಂಡಸರ ಕೆಲಸ ಆಗಿತ್ತು. ದಿನದಿನದ ಪುಳ್ಳೆ, ತರಗೆಲೆ, ಮಡಲು ತರೋದು, ಒಣಹಾಕೋದು, ಮೋಡ ಕಂಡ ಕೂಡಲೇ ಓಡಿಹೋಗಿ ಒಳಗೆ ಹಾಕೋದು ಹೆಂಗಸರದ್ದು, ಮಕ್ಕಳದ್ದು. ಈ ದುಡಿಮೆಗೆ ಯಾರೂ ಸಂಬಳ ಕೊಟ್ಟಿಲ್ಲ.

ಇದರ ಮಧ್ಯೆ ಕಾರ್ಖಾನೆಗಳ ಪೈಪೋಟಿ ಬೇರೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಕುಂದಾಪುರ ಸುತ್ತಮುತ್ತಲೂ ಹೆಂಚಿನ ಕಾರ್ಖಾನೆಗಳು ಬಂದವು. ಹೊಳೆ ದಂಡೆಯಲ್ಲೇ ಯಾಕೆ ಅಂದ್ರೆ ಜೇಡಿಮಣ್ಣು ಮತ್ತು ಸೌದೆ ಎರಡೂ ದೋಣಿಯಲ್ಲಿ ಬರ್ತಿತ್ತು. ಹೆಂಚು ಸುಡೋ ಭಟ್ಟಿಗೆ ದಿನವಿಡೀ ಸೌದೆ ಬೇಕು. ನಮ್ಮ ಮನೆಗಳ ಹುಲ್ಲಿನ ಮಾಡು ಹೋಗಿ ಕೆಂಪು ಹೆಂಚು ಬಂತು, ಸೌದೆ ನೆನೆಯೋದು ತಪ್ಪಿತು. ಆದ್ರೆ ಆ ಹೆಂಚು ಬೇಯಿಸೋಕೆ ಉರಿದದ್ದೂ ನಮ್ಮದೇ ಗುಡ್ಡೆಯ ಮರ.

ಹೊಗೆಯ ಬಿಲ್

ಇಷ್ಟು ಕೇಳಿ 'ಆಹಾ, ಹಳೇ ಕಾಲವೇ ಚೆಂದ' ಅಂತ ಅನಿಸ್ತಾ ಇದ್ರೆ ಸ್ವಲ್ಪ ತಡೀರಿ. ಹಳೇ ಅಡುಗೆಮನೆಗೆ ಚಿಮಣಿ ಇರಲಿಲ್ಲ. ಹೊಗೆ ಹೆಂಚಿನ ಸಂದಿಯಿಂದ ಹೊರಗೆ ಹೋಗಬೇಕು. ಪಕ್ಕಾಸು ರೀಪಿಗೆ ಹುಳ ಹಿಡಿಯಲ್ಲ ಅನ್ನೋ ಲಾಭ ಇತ್ತು ನಿಜ. ಅದೇ ಹೊಗೆ ಒಲೆ ಮುಂದೆ ಕೂತವರ ಶ್ವಾಸಕೋಶಕ್ಕೂ ಹೋಯ್ತು. ಮನೆಯೊಳಗಿನ ಇಂಥ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕೆಮ್ಮಿ ಕೆಮ್ಮಿ ಬಾಗಿದ ಅಜ್ಜಿಯರಿಗೆ 'ವಯಸ್ಸಾಯ್ತು' ಅಂತ ಹೇಳಿ ಸುಮ್ಮನಾದ ಮನೆಗಳು ನಮ್ಮಲ್ಲಿ ಕಮ್ಮಿ ಇಲ್ಲ.

ಇದಕ್ಕೆ ಕರ್ನಾಟಕದಲ್ಲೇ ಒಂದು ಉತ್ತರ ಹುಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ 1974ರಲ್ಲಿ 'ಅಸ್ತ್ರ' ಅನ್ನೋ ಕೇಂದ್ರ ಶುರು ಮಾಡಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡೋದು ಅದರ ಕೆಲಸ. ಅಲ್ಲಿಂದ ಬಂದದ್ದೇ 'ಅಸ್ತ್ರ ಒಲೆ'. ಒಂದು ಬೆಂಕಿಗೆ ಮೂರು ಪಾತ್ರೆ, ಹೊಗೆ ಹೊರಗೆ ಹೋಗೋಕೆ ಕೊಳವೆ. ಮಾಮೂಲಿ ಒಲೆಯಲ್ಲಿ ಸೌದೆಯ ಶಾಖದಲ್ಲಿ ಶೇಕಡಾ 12–15ರಷ್ಟು ಮಾತ್ರ ಪಾತ್ರೆಗೆ ಸಿಕ್ಕರೆ, ಇದರಲ್ಲಿ ಶೇಕಡಾ 30ಕ್ಕೂ ಮೇಲೆ. ಅಂದ್ರೆ ಆ 40 ಹೊರೆಯಲ್ಲಿ ಒಲೆಗೆ ಹೋಗೋ ಪಾಲು ಅರ್ಧಕ್ಕೆ ಇಳಿಯುತ್ತೆ. 1980ರ ದಶಕದಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಯೋಜನೆ ನಡೆಸಿತು.

ಆಮೇಲೆ ಗ್ಯಾಸ್. ಇಂಡೇನ್ ಶುರುವಾಗಿದ್ದು 1965ರಲ್ಲಿ, ಆದ್ರೆ ಹಳ್ಳಿಗೆ ಬರೋಕೆ ದಶಕಗಳೇ ಬೇಕಾಯ್ತು. 2011ರ ಜನಗಣತಿಯಲ್ಲೂ ದೇಶದ ಶೇಕಡಾ 49ರಷ್ಟು ಮನೆಗಳು ಅಡುಗೆಗೆ ಸೌದೆಯನ್ನೇ ಹೇಳಿದ್ದವು, ಗ್ಯಾಸ್ ಹೇಳಿದ್ದು ಶೇಕಡಾ 28.5. 2016ರ ಮೇ 1ಕ್ಕೆ ಉಜ್ವಲಾ ಯೋಜನೆ ಬಂತು. ಒಂದು 14.2 ಕೆಜಿ ಸಿಲಿಂಡರ್ ಮಾಡೋ ಕೆಲಸ ಹಳೇ ಒಲೆಯಲ್ಲಿ ಮಾಡೋಕೆ ನನ್ನ ಲೆಕ್ಕದ ಪ್ರಕಾರ ಸುಮಾರು 2 ಕ್ವಿಂಟಲ್ ಒಣ ಸೌದೆ ಬೇಕು. ಅಂದ್ರೆ ಒಂದು ಸಿಲಿಂಡರ್ ಮನೆಗೆ ಬಂದ್ರೆ ಎಂಟು ಹೊರೆ ಯಾರದ್ದೋ ತಲೆಯಿಂದ ಇಳಿಯಿತು ಅಂತ ಅರ್ಥ. ಗ್ಯಾಸ್ ರೇಟ್ ಜಾಸ್ತಿ ಆದ್ರೆ ಆ ಎಂಟು ಹೊರೆ ವಾಪಸ್ ಅದೇ ತಲೆ ಮೇಲೆ ಬರುತ್ತೆ. ರೇಟಿನ ಸುದ್ದಿ ನೋಡುವಾಗ ಇದನ್ನೂ ಸೇರಿಸಿ ನೋಡಿ.

ಹಾಗಂತ ಸೌದೆ ಹೋಗಿಲ್ಲ. ನಮ್ಮ ಕಡೆ ಅಡುಗೆಮನೆಗೆ ಗ್ಯಾಸ್ ಬಂದಿದೆ, ಬಚ್ಚಲಿನ ಹಂಡೆ ಕೆಳಗೆ ಈಗಲೂ ಸಿಪ್ಪೆ, ಮಡಲು, ಗಾಳಿಮರದ ತುಂಡು ಉರೀತಿದೆ. ಅದಕ್ಕೂ ಒಂದು ಕಾರಣ ಉಂಟು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಾಗದ ಮರ ಕಡಿಯೋಕೂ ಅನುಮತಿ ಬೇಕು, ತೆಂಗು ಮತ್ತು ಗಾಳಿಮರಕ್ಕೆ ಮಾತ್ರ ವಿನಾಯಿತಿ ಇದೆ, ಇನ್ನೂ ಕೆಲವು ಜಾತಿಗಳ ಜೊತೆ. ತೋಟದಲ್ಲಿ ಪುಕ್ಕಟೆ ಬಿದ್ದದ್ದನ್ನ ಬಿಟ್ಟು ದುಡ್ಡು ಕೊಟ್ಟು ಯಾಕೆ ನೀರು ಕಾಯಿಸಬೇಕು ಅನ್ನೋದು ಮನೆಯವರ ವಾದ. ವಾದ ಸರಿಯೇ. ಬಚ್ಚಲಿಗೆ ಒಂದು ಹೊಗೆ ಕೊಳವೆ ಹಾಕಿಸಿ, ಸೌದೆ ಪೂರ್ತಿ ಒಣಗಿಸಿ ಉರಿಸಿದ್ರೆ ಇನ್ನೂ ಸರಿ.

ಕೊನೆಗೆ ಒಂದು ಕೆಲಸ ಹೇಳ್ತೀನಿ. ಕುಮ್ಕಿ ದಾಖಲೆ ಕಂದಾಯ ಇಲಾಖೆ ಕಡತದಲ್ಲಿದೆ, ಅರಣ್ಯ ಕಾಯ್ದೆ ಲೈಬ್ರರಿಯಲ್ಲಿದೆ. ಯಾವ ಹಾಡಿಗೆ ಹೋಗ್ತಿದ್ರು, ಯಾರು ಅಡ್ಡ ಹಾಕಿದ್ರು, ಯಾರು ಕಂಡೂ ಕಾಣದ ಹಾಗೆ ಹೋಗಲು ಬಿಟ್ರು, ಹೊರೆ ಇಳಿಸಿ ದಣಿವಾರಿಸೋಕೆ ಯಾವ ಕಟ್ಟೆ ಮೇಲೆ ಕೂರ್ತಿದ್ರು, ಇದು ಯಾವ ಕಡತದಲ್ಲೂ ಇಲ್ಲ. ಅದು ಇರೋದು ನಿಮ್ಮ ಅಜ್ಜಿ, ದೊಡ್ಡಮ್ಮ, ಪಕ್ಕದ ಮನೆ ಅಮ್ಮಮ್ಮನ ನೆನಪಲ್ಲಿ. ಮಳೆ ಶುರುವಾಗೋ ಮೊದಲು ಒಂದು ಭಾನುವಾರ ಹತ್ತಿರ ಕೂತು ಮೊಬೈಲ್ ರೆಕಾರ್ಡರ್ ಆನ್ ಮಾಡಿ ಕೇಳಿ. ಅವರು "ಎಂತ ಮಾರಾಯ, ಸೌದಿ ಕಥಿಯಾ?" ಅಂತ ನಗಾಡಬಹುದು. ನಗಲಿ ಬಿಡಿ, ಹತ್ತು ನಿಮಿಷ ಆದ ಮೇಲೆ ಅವರೇ ನಿಲ್ಲಿಸಲ್ಲ.